ಕಮಲಾಪುರದ ಹಾಸ್ಯನಟ ಕೇಳಿದ ದುಃಖದ ಪಾತ್ರ

ಹೈದರಾಬಾದ್ ಸೇನೆ ಶರಣಾದದ್ದು ೧೯೪೮ರ ಸೆಪ್ಟೆಂಬರ್ ೧೮ರಂದು. ಗ್ಯಾಸೆಟಿಯರ್ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಮರುವರ್ಷ ಸಿನಿಮಾದವರು ನಟರನ್ನು ಆರಿಸಲು ಕಲಬುರಗಿಗೆ ಬಂದಾಗ, ಕಮಲಾಪುರದ ಹಾಸ್ಯನಟ ಭೀಮಣ್ಣ ಮಗನನ್ನು ಕಳೆದುಕೊಂಡ ತಂದೆಯ ಪಾತ್ರ ಕೇಳಿದ. ನೆರೆದ ಜನರೆದುರು ವೇದಿಕೆಯ ಮೇಲೆ ಕುಳಿತು, ಕಾಣದ ಶವವೊಂದರ ಅಂಗಿಗೆ ಗುಂಡಿ ಹಾಕತೊಡಗಿದ.

“ಏ ಭೀಮ್ಯಾ, ಅಳಸಲಾಕ ಬಂದೀಯೋ, ನಗಸಲಾಕ ಬಂದೀಯೋ?” ಎಂದು ಅವನ ನಾಟಕ ಕಂಪನಿಯ ಗೆಳೆಯನೊಬ್ಬ ಕೂಗಿದ.

ಭೀಮಣ್ಣ ನಿರ್ದೇಶಕರತ್ತ ತಿರುಗಿದ. “ಸಾಹೇಬ್ರ, ಹೋದ ವರ್ಷದ ಗದ್ದಲದಾಗ ನನ್ನ ಮಗ ಸತ್ತಾನ್ರೀ. ಮಣ್ಣ ಮಾಡೋ ಮುಂದ ಹಿಂಗೇ ಗುಂಡಿ ಹಾಕೀನ್ರೀ.”

ಸಭೆಯೆಲ್ಲ ಸ್ತಬ್ಧವಾಯಿತೆಂದೇ ಊರವರ ಮಾತು ಕೇಳಿ ಇಷ್ಟು ವರ್ಷ ನಂಬಿದ್ದೆ. ಈಚೆಗೆ ಆ ವಾರದ ಪತ್ರಿಕೆ ಸಿಕ್ಕಿತು. ಆ ಮಾತಿಗೆ ಜನ ಬಿದ್ದು ಬಿದ್ದು ನಕ್ಕರೆಂದೂ, ಭೀಮಣ್ಣನಿಗೆ ಒಳ್ಳೆಯ ಹಾಸ್ಯಪಾತ್ರವೇ ದೊರೆಯಿತೆಂದೂ ಅದರಲ್ಲಿ ಅಚ್ಚಾಗಿದೆ.