ಹಿಂದಿನ ಬೋಗಿಗಳಲ್ಲಿ ಜಾಗವಿದೆ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ಅದು ಆರು ತಿಂಗಳು ತಡವಾಗಿದ್ದು ಮೈಕಿನಲ್ಲಿ ಹೇಳಿದ ಒಂದು ಸುಳ್ಳಿನಿಂದ.

ಅವ್ವ ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಹಾಸ್ಟೆಲಿಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಡಿಗ್ರಿ ಮುಗಿದ ಕೂಡಲೇ ಆ ಕೆಲಸ ಬಿಡಿಸಬೇಕು ಎಂದುಕೊಂಡಿದ್ದೆ. ನನ್ನ ಕಾಲೇಜೂ ದಾವಣಗೆರೆಯಲ್ಲೇ; ಹರಿಹರದ ಕಡೆಯಿಂದ ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಇಬ್ಬರೂ ಹೋಗುತ್ತಿದ್ದೆವು.

ಕೊನೆಯ ಪರೀಕ್ಷೆಯ ದಿನ ಗಾಡಿ ತಡವಾಗಿ, ಕಿಕ್ಕಿರಿದು ಬಂತು. ದಿನಾ ಜೊತೆಗೆ ಬರುವ ಹೆಂಗಸೊಬ್ಬಳು ಬಾಗಿಲಿನಿಂದ ಕೈ ಚಾಚಿದಳು. "ಬಾರೇ, ಒಂದು ಕಾಲಿಗೆ ಜಾಗ ಐತೆ. ಇನ್ನೊಂದು ಕಾಲು ದಾವಣಗೆರೆಯಾಗೆ ಇಡುವಂತಿ!"

ಅಷ್ಟರಲ್ಲಿ ಸ್ಟೇಷನ್ನಿನ ಮೈಕು ಕೂಗಿತು: "ಹಿಂದಿನ ಬೋಗಿಗಳಲ್ಲಿ ಸ್ಥಳಾವಕಾಶವಿದೆ, ಪ್ರಯಾಣಿಕರು ಸಹಕರಿಸಬೇಕು."

"ಇಲ್ಲೇ ನುಗ್ಗು ತಾಯಿ," ಎಂದಳು ಅವ್ವ.

"ಸುಮ್ನಿರವ್ವ, ಮೈಕಿನಾಗೆ ಸುಳ್ಳು ಹೇಳ್ತಾರೇನು?"

ಓದಿದವಳೆಂಬ ಜಂಬ ನನಗೆ. ಅವ್ವನನ್ನು ಎಳೆದುಕೊಂಡು ಹಿಂದಕ್ಕೆ ಓಡಿದೆ. ಅಲ್ಲಿಯೂ ಜನ ಬಾಗಿಲಿಗೆ ಜೋತುಬಿದ್ದಿದ್ದರು. ಗಾಡಿ ಹೊರಟೇಹೋಯಿತು. ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಪರೀಕ್ಷೆಗೆ ಒಳಗೆ ಬಿಡುವ ಹೊತ್ತು ಮೀರಿತ್ತು.

ಮರುದಿನ ಮೈಕಿನವರನ್ನೇ ಕೇಳಿದೆ. "ಹಿಂದೆ ಜಾಗ ಎಲ್ಲಿತ್ತು ಸರ್?"

"ಜಾಗ ಯಾರು ನೋಡ್ಯಾರಮ್ಮ? ಜನ ಒಂದೇ ಕಡೆ ಮುಗಿಬೀಳಬಾರ್ದು ಅಂತ ಹಂಗೆ ಹೇಳ್ತೀವಿ. ನೀವು ಮುಂಚೆ ಬರ್ಬೇಕ್ರಿ."

ಮುಂಚೆಯೇ ಬಂದಿದ್ದೆವು, ತಡ ಮಾಡಿದ್ದು ಗಾಡಿ. ಅವರು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ಆ ಹೆಂಗಸಿನ ಕೈ ಹಿಡಿದು ಹತ್ತಿರುತ್ತಿದ್ದೆ. ಆರು ತಿಂಗಳು ಕಾದು ಅದೇ ಪೇಪರ್ ಬರೆದು ಪಾಸಾದೆ. ಆ ಆರು ತಿಂಗಳೂ ಅವ್ವ ಅದೇ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ರೊಟ್ಟಿ ಬಡಿಯಲು ಹೋದಳು.