ಎಲೆಯಲ್ಲಿ ಕಾಣದ ಎತ್ತುಗಳು

ನಾನು ಹುಟ್ಟುವಾಗ ಕಾಲು ಮೊದಲು ಹೊರಗೆ ಬಂದವಂತೆ, ತಲೆ ಆಮೇಲೆ. ಅವ್ವನಿಗೆ ಅದು ಜೀವ ಹೋಗಿ ಬಂದ ಸಂಕಟ, ಊರಿಗೆ ಮಾತ್ರ ಲಾಭ. ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರ ಕೊರಳಿಗೆ ಎರಡು ಕೆಲಸ ತಾವಾಗಿಯೇ ಬಂದು ಬೀಳುತ್ತವೆ. ಯಾರ ಬೆನ್ನಿಗಾದರೂ ಚಳುಕು ಹಿಡಿದರೆ ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯಬೇಕು. ಏನಾದರೂ ಕಳೆದುಹೋದರೆ ವೀಳ್ಯದೆಲೆಗೆ ಕಾಡಿಗೆ ಸವರಿ, ಅದರೊಳಗೆ ದಿಟ್ಟಿಸಿ ನೋಡಿ, ಎಲ್ಲಿದೆ ಎಂದು ಹೇಳಬೇಕು. ಇದಕ್ಕೆ ಅಂಜನ ಹಾಕುವುದು ಎನ್ನುತ್ತಾರೆ. ಮೊದಲನೆಯ ಕೆಲಸವನ್ನು ಐವತ್ತು ದಾಟಿದ ಮೇಲೂ ಸಂತೋಷದಿಂದ ಮಾಡುತ್ತೇನೆ. ಎರಡನೆಯದನ್ನು ಹತ್ತನೆಯ ವಯಸ್ಸಿಗೇ ಬಿಟ್ಟಿದ್ದೆ.

ಸವದತ್ತಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಪೊಲೀಸ್ ಠಾಣೆಯ ಹವಾಲ್ದಾರರು ಮೊದಲು ಬಂದದ್ದು ಖಾಕಿ ಪ್ಯಾಂಟಿನ ಸೊಂಟ ಬಿಚ್ಚಿಸಿ ಸಡಿಲಿಸಿಕೊಳ್ಳಲು, ಆಮೇಲೆ ಬಂದದ್ದು ಬೆನ್ನು ಒದೆಸಿಕೊಳ್ಳಲು. ಬಂದೋಬಸ್ತಿನಲ್ಲಿ ದಿನವಿಡೀ ನಿಂತು ನಿಂತು ಅವರ ನಡು ಆಗಾಗ ಹಿಡಿದುಕೊಳ್ಳುತ್ತಿತ್ತು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಬೋರಲಾಗಿ ಮಲಗಿ, "ಸ್ವಲ್ಪ ಜೋರಾಗೇ ಒದೀರಿ ಅಕ್ಕಾರ, ಸರ್ಕಾರಿ ಬೆನ್ನ ಐತಿ, ಏನಾಗಂಗಿಲ್ಲ" ಎನ್ನುತ್ತಿದ್ದರು. ಒದ್ದ ಮೇಲೆ ನಾನು ಅವರಿಗೆ ಕೈಮುಗಿಯುತ್ತಿದ್ದೆ, ಕಾಲು ತಗುಲಿಸಿದ ತಪ್ಪಿಗೆ. ಪೊಲೀಸರನ್ನು ಒದ್ದು ನಮಸ್ಕಾರ ಮಾಡಿ ಕಳಿಸುವ ಭಾಗ್ಯ ಈ ತಾಲೂಕಿನಲ್ಲಿ ಇನ್ನಾರಿಗೂ ಇರಲಿಕ್ಕಿಲ್ಲ.

ಒಂದು ಚಳಿಗಾಲದ ಮಧ್ಯಾಹ್ನ ಅವರು ಬಂದಾಗ ಬೆನ್ನು ನೆಟ್ಟಗಿತ್ತು. ಹಿಂದೆ ಒಬ್ಬ ಗಟ್ಟಿಮುಟ್ಟಾದ ಗಂಡಸು ಇದ್ದ. ಅವನ ಕೈಯ ಪ್ಲಾಸ್ಟಿಕ್ ಚೀಲದಿಂದ ವೀಳ್ಯದೆಲೆಯ ತೊಟ್ಟು ಹೊರಗೆ ಇಣುಕುತ್ತಿದ್ದವು. ಅದನ್ನು ಕಂಡೊಡನೆ ನನ್ನ ಮುಖ ಗಂಟಾಯಿತು.

"ಅಕ್ಕಾರ, ಇವರು ಸಿರಸಂಗಿ ಕಡಿಯವ್ರು," ಎಂದರು ಹವಾಲ್ದಾರರು. "ಇವರ ತಂದಿ ಕಾಣಿಯಾಗಿ ಆರು ದಿನಾತ್ರಿ. ಗುಡ್ಡಕ್ಕ ಹೋಗಿ ಬರತೇನಿ ಅಂತ ಹೇಳಿ ಹೋದ್ರಂತ, ಹೊಳ್ಳಿ ಬಂದಿಲ್ಲ."

ಯಲ್ಲಮ್ಮನ ಗುಡ್ಡವೆಂದರೆ ಒಬ್ಬ ಮುದುಕನನ್ನು ಹುಡುಕುವ ಜಾಗವೇ ಅಲ್ಲ, ಅಷ್ಟು ಮಂದಿ. ಆದರೂ ಪೊಲೀಸರು ಹುಡುಕಿದ್ದರು. ಛತ್ರ, ಬಸ್‌ಸ್ಟ್ಯಾಂಡು, ಕೊಳ್ಳ, ಸರ್ಕಾರಿ ದವಾಖಾನೆ ಎಲ್ಲ ಆಗಿತ್ತು. ಕ್ಯಾಮೆರಾ ನೋಡಿದ್ದರು. ತಲೆಗೆ ಪಟಕಾ ಸುತ್ತಿದ ಮುದುಕನ ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತು, ನನ್ನದಕ್ಕೂ ಬಂದಿತ್ತು. ಆ ಫೋಟೋದಲ್ಲಿ ಆತ ನಗುತ್ತಿರಲಿಲ್ಲ, ಆದರೆ ಪಕ್ಕದಲ್ಲಿ ಒಂದು ಎತ್ತಿನ ಕೋಡು ಅರ್ಧ ಕಾಣುತ್ತಿತ್ತು.

"ಅದಕ್ಕ ಒಂದ್ ಸಲ ನೀವ ನೋಡ್ರಲಾ," ಎಂದರು ಹವಾಲ್ದಾರರು, ಎತ್ತಲೋ ನೋಡುತ್ತ.

ನನಗೆ ಪಿತ್ತ ನೆತ್ತಿಗೇರಿತು. "ಸಾಹೇಬ್ರ, ಕ್ಯಾಮೆರಾದಾಗ ಕಾಣಲಾರದ್ದು ನನ್ನ ಎಲಿಯೊಳಗ ಕಾಣತೈತೇನ್ರಿ? ಸರ್ಕಾರ ನಿಮಗ ಪಗಾರ ಕೊಡೂದು ಯಾತಕ್ಕ?" ಎಂದೆ. ಉತ್ತರ ಕೊಟ್ಟದ್ದು ಜೊತೆಗೆ ಬಂದ ಆ ಮಗ. "ಯಕ್ಕಾ, ಆರು ದಿನದಿಂದ ಅವ್ವ ನೀರ ಸೈತ ಬಾಯಾಗ ಹಾಕವಲ್ಲಳು," ಎಂದ. ಅಷ್ಟು ದೊಡ್ಡ ಆಳು, ಎಲೆಯ ಚೀಲವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಒಡ್ಡಿದ.

ನಾನೇಕೆ ಅಷ್ಟು ಸಿಡುಕಿದೆ ಎಂದು ಇಲ್ಲಿ ಹೇಳಲೇಬೇಕು. ನಾನು ಬೆಳೆದದ್ದು ರಾಮದುರ್ಗದ ಹತ್ತಿರದ ತೊರಗಲ್‌ನಲ್ಲಿ. ನನಗೆ ಹತ್ತು ವರ್ಷವಿದ್ದಾಗ ಅಜ್ಜಿಯ ಕಿವಿಯ ಬುಗುಡಿ ಒಂದು ಕಳೆಯಿತು. ಅಜ್ಜಿ ನನ್ನನ್ನು ಜಳಕ ಮಾಡಿಸಿ, ಮಣೆಯ ಮೇಲೆ ಕೂರಿಸಿ, ಹರಳೆಣ್ಣೆ ದೀಪದ ಕಾಡಿಗೆಯನ್ನು ಎಲೆಗೆ ಸವರಿ ಕೈಗೆ ಕೊಟ್ಟಳು. ಸುತ್ತ ಮನೆಮಂದಿಯೆಲ್ಲ. ನನಗೆ ಎಲೆಯಲ್ಲಿ ಕಪ್ಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆದರೆ "ಏನ್ ಕಾಣತೈತಿ? ಏನ್ ಕಾಣತೈತಿ?" ಎಂದು ಅಷ್ಟು ಜನ ಒಟ್ಟಿಗೆ ಕೇಳುವಾಗ ಏನೂ ಇಲ್ಲ ಎನ್ನಲು ನಾಚಿಕೆಯಾಯಿತು. "ಹಸರ ಸೀರಿ" ಎಂದುಬಿಟ್ಟೆ.

ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಒಬ್ಬಳು ಹಸಿರು ಸೀರೆ ಉಡುತ್ತಿದ್ದಳು. ಇದ್ದದ್ದೇ ಅದೊಂದು ಒಳ್ಳೆಯ ಸೀರೆ. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ಕೆಲಸಕ್ಕೆ ಕರೆಯಲಿಲ್ಲ, ಅಷ್ಟೇ. ಬೇರೆಯವರೂ ಕರೆಯಲಿಲ್ಲ. ಕೆಲವು ದಿನಗಳಲ್ಲಿ ಅವಳು ಊರನ್ನೇ ಬಿಟ್ಟಳು. ಬೇಸಿಗೆಯಲ್ಲಿ ಹಳೆಯ ಕೌದಿ ಬಿಚ್ಚಿ ಒಗೆಯಲು ಕುಳಿತಾಗ ಪದರದ ನಡುವೆ ಬುಗುಡಿ ಸಿಕ್ಕಿತು. ಮನೆಯಲ್ಲಿ ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನಾನು ಮಾತ್ರ ಆಮೇಲೆ ಎಲೆ ಮುಟ್ಟಲಿಲ್ಲ. ಈಗಲೂ ಹಸಿರು ಬಟ್ಟೆ ಹೊಲಿಯಲು ಬಂದರೆ ಕೈ ಒಂದು ಗಳಿಗೆ ನಿಲ್ಲುತ್ತದೆ.

ಇಷ್ಟಿದ್ದೂ ಆ ದಿನ ಒಪ್ಪಿಕೊಂಡೆ. ನೀರು ಕುಡಿಯದೆ ಕುಳಿತ ಆ ತಾಯಿಗಾಗಿ ಒಪ್ಪಿಕೊಂಡೆ. ಮನಸ್ಸಿನಲ್ಲಿ ಒಂದೇ ಮಾತು ಗಟ್ಟಿ ಮಾಡಿಕೊಂಡಿದ್ದೆ. ಕಂಡರೆ ಕಂಡಿತು ಎನ್ನುವುದು, ಕಾಣದಿದ್ದರೆ ಕಾಣಲಿಲ್ಲ ಎನ್ನುವುದು.

ಎಲೆಗೆ ಕಾಡಿಗೆ ಸವರಿಕೊಂಡು ಹಿಂದಿನ ಪಡಸಾಲೆಯಲ್ಲಿ ಕುಳಿತೆವು. ಅಜ್ಜಿ ಹೇಳಿಕೊಟ್ಟ ಕ್ರಮ ಬಾಯಿಪಾಠವಿತ್ತು. ನೋಡುವವರು ಎಲೆ ಹಿಡಿಯಬೇಕು, ಕೇಳುವವರು ಬಲಗೈಯನ್ನು ಎಲೆಯ ಕೆಳಗೆ ಒಡ್ಡಬೇಕು. ಕೇಳುವವರ ಹೊಟ್ಟೆಯಲ್ಲಿ ಏನಾದರೂ ಮುಚ್ಚುಮರೆ ಇದ್ದರೆ ಎಲೆ ಮಬ್ಬಾಗುತ್ತದೆ, ನೋಡುವವರಿಗೆ ಏನೂ ಕಾಣಿಸುವುದಿಲ್ಲ. ಈ ಕಟ್ಟಳೆ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಆ ಮಗ ಕೈ ತೊಳೆದು ಬಂದು ಎಲೆಯ ಕೆಳಗೆ ಒಡ್ಡಿದ. ಹವಾಲ್ದಾರರು ಟೋಪಿ ತೆಗೆದು ಹೊಲಿಗೆ ಮಷಿನ್ನಿನ ಮೇಲಿಟ್ಟು, ಬಾಗಿಲ ಹತ್ತಿರ ನಿಂತರು.

ನಾನು ನೋಡಿದೆ. ಮನಸ್ಸಿಟ್ಟು ನೋಡಿದೆ. ಕಾಡಿಗೆಯ ಹೊಳಪಿನಲ್ಲಿ ಕಿಟಕಿಯ ಸರಳು ಕಂಡವು, ನನ್ನ ಮೂಗಿನ ತುದಿ ಕಂಡಿತು. ಪಟಕಾದ ಮುದುಕ ಕಾಣಲಿಲ್ಲ. ಎದುರಿಗೆ ಅವನ ಮಗನ ಮುಖ. ಅದನ್ನು ನೋಡಿದರೆ ಏನಾದರೂ ಒಂದು ಹೇಳಿ ಕಳಿಸಬೇಕು ಎನ್ನಿಸಿತು. ಯಾವುದೋ ಗುಡಿ, ಯಾವುದೋ ಗಿಡದ ನೆರಳು, ಬದುಕಿದ್ದಾನೆ ಎನ್ನುವ ಎರಡು ಮಾತು. ನಾಲಗೆಯ ತುದಿಗೆ ಬಂದಿತ್ತು.

"ಏನೂ ಕಾಣವಲ್ತು, ತಮ್ಮಾ," ಎಂದೆ.

ನಾನು ಹೇಳಿದ್ದು ನನ್ನ ಕಣ್ಣಿನ ಸಂಗತಿ. ಅವನಿಗೆ ಅದು ಅವನ ಹೊಟ್ಟೆಯ ಸಂಗತಿಯಾಗಿ ಕೇಳಿಸಿತು. ಕೈ ಹಿಂದಕ್ಕೆ ಎಳೆದುಕೊಂಡ.

"ಎಲಿ ಮಬ್ಬಾತೇನ್ರಿ?" ಎಂದು ಕೇಳಿದ. ನಾನು ಇಲ್ಲ ಎನ್ನುವಷ್ಟರಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದ.

"ಗುಡ್ಡಕ್ಕ ಹೋಗತೇನಿ ಅಂತ ಅಪ್ಪ ಅಂದ ಇಲ್ರಿ. ಅದು ನಾ ಕಟ್ಟಿ ಹೇಳಿದ ಮಾತು. ಟ್ರ್ಯಾಕ್ಟರ್ ತಂದ ಮ್ಯಾಲೆ ಎತ್ತು ಯಾಕ ಅಂತ ಹೇಳಿ ಬೈಲಹೊಂಗಲ ಸಂತ್ಯಾಗ ಮಾರಿ ಬಂದೆ. ಅಪ್ಪಗ ಹೇಳಲಿಲ್ಲ. ರಾಮದುರ್ಗದಾಗ ಅಕ್ಕನ ಮನಿಗೆ ಬಿತ್ತಿಗಿಗೆ ಕೊಟ್ಟೇನಿ, ಬರತಾವು ಅಂದೆ. ನಂಬ್ಯಾರ ಅಂತ ಮಾಡಿದ್ದೆ. ಮನಿ ಬಿಟ್ಟು ಹೋದ ದಿನ ಅಪ್ಪ ಎತ್ತು ಮೇಯ್ತಿದ್ದ ಗ್ವಾದ್ಲಿ ಮುಂದ ಬಾಳ ಹೊತ್ತ ನಿಂತಿದ್ರು. ಆಮ್ಯಾಲೆ ಗೂಟಕ್ಕ ಹಾಕಿದ್ದ ಗೆಜ್ಜಿಸರ ಎರಡೂ ಹೆಗಲಿಗೆ ಹಾಕ್ಕೊಂಡು ಹೋದ್ರು. ಅದನ್ನ ಹೇಳಿದ್ರ ಎತ್ತು ಮಾರಿದ್ದೂ ಹೊರಗ ಬರತಿತ್ತು. ಮಂದಿ ಮುಂದ ಮಾರಿ ಹೆಂಗ ತೋರಸ್ಲಿ?"

ಹೆಗಲಿಗೆ ಗೆಜ್ಜೆಸರ ಹಾಕಿಕೊಂಡ ಮನುಷ್ಯನನ್ನು ಆರು ದಿನ ಜನಜಂಗುಳಿಯ ಗುಡ್ಡದಲ್ಲಿ ಹುಡುಕಿದ್ದರು. ನನಗೆ ಮತ್ತೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಗೆ ಹೆದರಿ ಸುಳ್ಳು ಹೇಳಿದವರ ಪಂಗಡದಲ್ಲಿ ನಾನೂ ಒಬ್ಬಳಲ್ಲವೇ. ಒಂದು ತಂಬಿಗೆ ನೀರು ತಂದು ಕೊಟ್ಟೆ.

ಹವಾಲ್ದಾರರು ಗದರಲಿಲ್ಲ. ಮಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕುಳಿತು, "ದಲ್ಲಾಳಿ ನಂಬರ್ ಐತೇನು? ಹೇಳು," ಎಂದರು. ಸಂತೆಯ ದಲ್ಲಾಳಿಗೆ ಫೋನು ಹೋಯಿತು. ಅವನು ಎತ್ತು ಕೊಂಡವನ ನಂಬರು ಕೊಟ್ಟ. ಕಿತ್ತೂರು ಕಡೆಯ ಗಾಡಿಯವನು, ಸೀಜನ್ನಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾನಂತೆ. ಮೂರನೆಯ ಸಲಕ್ಕೆ ಅವನು ಫೋನ್ ಎತ್ತಿದ. ನಮಗೂ ಕೇಳಲಿ ಎಂದು ಹವಾಲ್ದಾರರು ಮೊಬೈಲನ್ನು ಬಟ್ಟೆಗಳ ಮೇಲಿಟ್ಟರು.

"ಹೌದ್ರಿ, ಒಬ್ಬ ಅಜ್ಜಾರು ಬಂದಾರ್ರಿ," ಎಂದಿತು ಆ ಕಡೆಯ ದನಿ. "ಗೆಜ್ಜಿ ಇಲ್ದ ನನ್ನ ಎತ್ತು ನಡ್ಯಂಗಿಲ್ಲ ಅಂತ ಹೇಳಿ ಸಂತ್ಯಾಗ ಕೇಳ್ಕೋತ ಕೇಳ್ಕೋತ ನಡದ ಬಂದಾರ. ಗೆಜ್ಜಿ ಗೂಟದಾಗ ಉಳದದ್ದ ನೋಡಿ ಮಗ ಎತ್ತು ಮಾರ್ಯಾನ ಅಂತ ತಿಳೀತಂತ್ರಿ. ನಾಕ ದಿನಾತು. ಮನ್ಯಾಗ ಹೇಳೀರೇನ್ರಿ ಅಂದ್ರ ಹೇಳೇನಿ ಅಂತಾರ. ಈಗ ಕಾರ್ಖಾನಿ ಮುಂದ ಗಾಡಿ ಪಾಳಿ ಹಚ್ಚಿ ನಿಂತೇವ್ರಿ. ಇಲ್ಲೇ ಎತ್ತಿನ ಮೈ ತಿಕ್ಕಾಕ ಹತ್ಯಾರ."

ಆ ಮಾತಿನ ಹಿಂದೆ ಗೆಜ್ಜೆಯ ಸದ್ದು ಕೇಳುತ್ತಿತ್ತು. ಮಗ ಬಾಗಿ ಮೊಬೈಲಿಗೆ ಕಿವಿ ಹಚ್ಚಿದ. ನಾನು ಕಣ್ಣೊರೆಸಿಕೊಂಡೆ, ಮುಖಕ್ಕೆಲ್ಲ ಕಾಡಿಗೆಯಾಯಿತು.

ಅಂದೇ ಹವಾಲ್ದಾರರೂ ಮಗನೂ ಹೋಗಿ ಕರೆದುಕೊಂಡು ಬಂದರು. ಮುದುಕಪ್ಪ ಮಗನನ್ನು ಬೈದನೇ ಎಂದು ಮರುದಿನ ಹವಾಲ್ದಾರರನ್ನು ಕೇಳಿದೆ. "ಇಲ್ರಿ. ಬೈಲಹೊಂಗಲ ದಾಟಿದ ಮ್ಯಾಲೆ ಮಗನ ಮಾರಿ ನೋಡಿ, ಇಷ್ಟ್ಯಾಕ ಸೊರಗೀದಿ, ಉಂಡಿಯಿಲ್ಲೋ ಅಂದ್ರು," ಎಂದರು.

ಕಾಗದಪತ್ರದಲ್ಲಿ ಎಲೆಯ ಸುದ್ದಿ ಇಲ್ಲ. 'ಬಾತ್ಮೀದಾರರ ಖಚಿತ ಮಾಹಿತಿ ಮೇರೆಗೆ ಪತ್ತೆ' ಎಂದು ಬರೆದಿದ್ದಾರಂತೆ. ನಿಮಗೆ ಎಲೆಯ ಮೇಲೆ ಅಷ್ಟು ನಂಬಿಕೆ ಇತ್ತೇ ಎಂದು ಕೇಳಿದ್ದಕ್ಕೆ ಹವಾಲ್ದಾರರು ನಕ್ಕರು. "ನನಗ ಇಲ್ರಿ ಅಕ್ಕಾರ, ಅಂವಗ ಇತ್ತು. ಠಾಣೇದಾಗ ನಾಕ ಸಲ ಕೇಳೀವಿ, ನಾಕೂ ಸಲ ಒಂದಕ್ಷರ ತಪ್ಪಲಾರದ ಹೇಳಿದ. ಖರೆ ಮಾತು ಹಂಗ ಬರಂಗಿಲ್ರಿ. ಲಾಠಿ ತೋರ್ಸಿ ಕೇಳಾಕ ಮನಸ್ಸಾಗಲಿಲ್ಲ, ತಂದಿ ಕಳಕೊಂಡಾಂವ. ಆದ್ರ ನೀವು ಏನರ ಒಂದು ಕಂಡೈತಿ ಅಂದಿದ್ರ ಎಲ್ಲಾ ಕೆಡತಿತ್ತು ನೋಡ್ರಿ."

ಆ ಮಾತಿಗೆ ನಾನು ಅವರಿಗೆ ಋಣಿ. ಐವತ್ತು ದಾಟಿದವಳಿಗೆ ಮತ್ತೊಮ್ಮೆ ಅದೇ ಮಣೆ, ಅದೇ ಎಲೆ ಸಿಕ್ಕು, ಈ ಸಲ ಕಾಣಲಿಲ್ಲ ಎನ್ನುವ ಧೈರ್ಯ ಬಂತಲ್ಲ, ಅದಕ್ಕೂ ಋಣಿ. ಹಸಿರು ಸೀರೆಯವಳಿಗೆ ಇದರಿಂದ ಏನೂ ಆಗಲಿಲ್ಲ, ಅದು ನನಗೆ ಗೊತ್ತು. ಅವಳು ಎಲ್ಲಿಗೆ ಹೋದಳೆಂದು ಯಾರೂ ದೂರು ಕೊಟ್ಟಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಮುದುಕಪ್ಪನೇ ಅಂಗಡಿಗೆ ಬಂದ. ಪಟಕಾದ ಮಡಿಕೆಯಿಂದ ಒಂದು ವೀಳ್ಯದೆಲೆ ತೆಗೆದು ಮಷಿನ್ನಿನ ಮೇಲಿಟ್ಟ. "ಯವ್ವಾ, ನೀ ನನ್ನ ಎಲಿಯೊಳಗ ಹುಡುಕಿದ್ಯಂತ. ನನ್ನ ಎತ್ತು ಈಗ ಹೆಂಗದಾವ, ಅಷ್ಟ ನೋಡಿ ಹೇಳು."

ಚಲೋ ಅದಾವ ಎಂದರೆ ಮುಗಿಯುತ್ತಿತ್ತು. ಆತ ನಕ್ಕು ಹೋಗುತ್ತಿದ್ದ, ಯಾರಿಗೂ ನಷ್ಟವಿರಲಿಲ್ಲ. ನಾನು ಎಲೆ ಬದಿಗಿಟ್ಟು ಹವಾಲ್ದಾರರಿಗೆ ಫೋನು ಮಾಡಿ ಗಾಡಿಯವನ ನಂಬರು ತೆಗೆದುಕೊಂಡೆ. ವಿಡಿಯೋ ಹಚ್ಚಿ ಮೊಬೈಲನ್ನು ಮುದುಕಪ್ಪನ ಅಂಗೈಯಲ್ಲಿಟ್ಟೆ. ಕಬ್ಬಿನ ಗಾಡಿ ಮುಂದೆ ಸಾಗುತ್ತಿತ್ತು. ನನಗೆ ಕಂಡದ್ದು ಎರಡು ಬಿಳಿ ಎತ್ತು, ಅಷ್ಟೇ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೂ ತಿಳಿಯಲಿಲ್ಲ. ಆತ ರೆಪ್ಪೆ ಬಡಿಯದೆ ನೋಡಿದ.

"ತಮ್ಮಾ, ಗಾಡಿ ನಿಂದ್ರಸು," ಎಂದ ಫೋನಿಗೆ. "ಬಲಕ್ಕ ಹೂಡಿದಾಂವ ಹಿಂದಿನ ಕಾಲ ಊರಾಕ ಅಂಜಾಕ ಹತ್ಯಾನ. ಲಾಳ ಸಡ್ಲಾಗೈತಿ, ನೋಡು."

ಗಾಡಿಯವನು ಇಳಿದು ಎತ್ತಿನ ಕಾಲು ಎತ್ತಿ ನೋಡಿದ. ಸ್ವಲ್ಪ ಹೊತ್ತು ಬರೀ ರಸ್ತೆ ಕಂಡಿತು. ಆಮೇಲೆ ಅವನ ದನಿ ಬಂತು. "ಖರೆ ಐತ್ರಿ ಅಜ್ಜಾ. ಕುಂತಲ್ಲೇ ಹೆಂಗ್ರಿ ಕಂಡ್ರಿ?"

ಈಗ ಆತ ಪ್ರತಿ ವಾರ ಬರುತ್ತಾನೆ. ನಾನು ನಂಬರು ಹಚ್ಚಿಕೊಡುತ್ತೇನೆ. ಗಾಡಿಯವನು ಎಷ್ಟೇ ಗಡಿಬಿಡಿಯಲ್ಲಿದ್ದರೂ ಫೋನನ್ನು ಎತ್ತಿನ ಮುಖಕ್ಕೆ ಹಿಡಿಯುತ್ತಾನೆ, ಅವನ ಹೊಟ್ಟೆ ತಣ್ಣಗಿರಲಿ. ನೋಡಿ ಮುಗಿಸಿದ ಮೇಲೆ ಮುದುಕಪ್ಪ ಮೊಬೈಲನ್ನು ನನ್ನ ಕಡೆ ತಿರುಗಿಸಿ, "ನಿನಗೇನರ ಕಾಣತೈತೇನವ್ವಾ?" ಎಂದು ಕೇಳುತ್ತಾನೆ.

"ಇಲ್ರಿ ಕಾಕಾ, ನನಗೇನೂ ಕಾಣವಲ್ತು," ಎನ್ನುತ್ತೇನೆ. "ನೀವ ನೋಡಿ ಹೇಳ್ರಿ."