ನೀಲವ್ವನ ಪಡಸಾಲೆ

ಮನೆಯ ಮಾಡಿನ ಮೇಲೆ ಹೆಂಗಸೊಬ್ಬಳು ಕೂತು ಮೆಣಸಿನಕಾಯಿ ಹರವುತ್ತಿದ್ದಳು. ಇಳಕಲ್ಲಿನ ಹಳೆಯ ಓಣಿಯಲ್ಲಿ ನಾನು ಮೊದಲು ಕಂಡದ್ದು ಅದನ್ನು. ಕುಂದಾಪುರದ ನಮ್ಮ ಹೆಂಚಿನ ಮಾಡು ಇಳಿಜಾರು; ಅಲ್ಲಿ ಬೆಕ್ಕು ಮಾತ್ರ ಓಡಾಡೀತು. ಗಂಡನಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿತ್ತು. ನಾವು ಬಾಡಿಗೆಗೆ ಹಿಡಿದದ್ದು ಅದೇ ಮನೆಯ ಅರ್ಧಭಾಗ. ಮೇಲಿದ್ದವಳು ಮನೆಯೊಡತಿ ನೀಲವ್ವ.

‘ತಲಿ ಬಗ್ಗಿಸಿ ಬರ್ರಿ, ಬಾಗಲಾ ಗಿಡ್ಡ ಐತಿ’ ಎಂದು ಅಲ್ಲಿಂದಲೇ ಕೂಗಿದಳು.

ಒಳಗೆ ಮೊಳದಗಲದ ಮಣ್ಣಿನ ಗೋಡೆ. ಕಿಟಕಿಯಿಲ್ಲ. ಮೇಲೆ ತೊಲೆ, ಜಂತಿ, ಮಣ್ಣಿನ ಸಪಾಟು ಮಾಳಿಗೆ. ನಡುವೆ ಬೆಳಕಿಗೆಂದು ಬಿಟ್ಟ ಒಂದು ಕಿಂಡಿ. ಊರಲ್ಲಿ ಸುತ್ತ ಕಿಟಕಿ ತೆರೆದಿಟ್ಟು ಬದುಕಿದ ನನಗೆ ಮೊದಲ ವಾರ ಉಸಿರು ಕಟ್ಟಿತು. ಬೇಸಿಗೆ ಬಂದಾಗ ತಿಳಿಯಿತು: ಓಣಿಯಲ್ಲಿ ಕಾಲಿಡಲಾಗದ ಬಿಸಿಲಿದ್ದರೂ ಪಡಸಾಲೆಯ, ಅಂದರೆ ಮುಂದಿನ ಹಜಾರದ, ನೆಲ ತಣ್ಣಗಿರುತ್ತಿತ್ತು. ಭಾನುವಾರ ನಮ್ಮವರು ಉಂಡು ಅಲ್ಲೇ ಗೋಡೆಗೊರಗುತ್ತಿದ್ದರು. ‘ಊರಲ್ಲೂ ಇಂಥದೇ ಕಟ್ಟಿಸೋಣ’ ಎನ್ನುತ್ತಿದ್ದರು. ‘ನಮ್ಮ ಮಳೆಗೆ ಒಂದೇ ವರ್ಷಕ್ಕೆ ಕರಗ್ತದೆ’ ಎಂದು ನಾನು ನಗುತ್ತಿದ್ದೆ.

ಎರಡನೇ ವರ್ಷ ಒಂದು ಸಂಜೆ, ಬ್ಯಾಂಕಿನಿಂದ ಬಂದವರು ಎದೆನೋವೆಂದು ಕೂತರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಪಡಸಾಲೆಗೆ ತಂದಾಗ ನೀಲವ್ವ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: ‘ನಿಮ್ಮೊಳಗ ಮಲಗಸ್ತೀರೋ, ಕುಂದ್ರಸ್ತೀರೋ, ತಂಗಿ?’

ಅವಳ ಜನ ಲಿಂಗವಂತರು; ಸತ್ತವರನ್ನು ಗೋಡೆಗೊರಗಿಸಿ ಕೂರಿಸುತ್ತಾರೆ. ಮಲಗಿಸುವುದೆಂದೆ. ಅವಳೇ ನೆಲ ಸಾರಿಸಿ ಚಾಪೆ ಹಾಸಿದಳು. ಊರಿಂದ ನನ್ನ ಅಣ್ಣ ಬರುವವರೆಗೆ ಓಣಿಯ ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡಿದ್ದರು. ಅವರಲ್ಲಿ ಹಲವರ ಹೆಸರೂ ನನಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಣ್ಣ ಊರಿಗೆ ಕರೆದ. ಅವರು ಕೊನೆಗೆ ಮಲಗಿದ್ದ ಜಾಗ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ. ಇಲ್ಲೇ ಶಾಲೆಯೊಂದರಲ್ಲಿ ಟೀಚರಾದೆ.

ಆದರೆ ನೀಲವ್ವನ ಮೈದುನ ಪಾಲು ಕೇಳಿದ್ದ; ಮನೆ ಕೆಡವಿ ಅಂಗಡಿ ಕಟ್ಟಿಸುವವನಿದ್ದ. ‘ಆ ಹೆಣ್ಮಗಳ ವರ್ಷ ಮುಗೀಲಿ’ ಎಂದು ಅವಳು ತಡೆದಿದ್ದಳಂತೆ. ಗಂಡನ ವರ್ಷಾಂತಿಕ ಕಳೆದ ಮರುವಾರ ಬಂದು, ‘ಇನ್ನ ನನ್ನ ಕೈಯಾಗಿಲ್ಲ, ತಂಗಿ’ ಎಂದಳು.

ಜೆಸಿಬಿ ಬಂದ ದಿನ ಇಬ್ಬರೂ ಎದುರು ಮನೆಯ ಕಟ್ಟೆಯ ಮೇಲೆ ಕೂತೆವು. ಪಡಸಾಲೆಯ ಗೋಡೆ ಬೀಳಲು ಬಹಳ ಹೊತ್ತು ಹಿಡಿಯಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ನಾನು ಗಟ್ಟಿಯಾಗಿ ಅತ್ತೆ. ಅವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಈಗ ಅಲ್ಲಿ ಸೀರೆ ಅಂಗಡಿ. ಒಮ್ಮೊಮ್ಮೆ ಶಾಲೆಯಿಂದ ಬರುವಾಗ ಒಳಗೆ ಹೋಗಿ, ಅವರು ಮಲಗಿದ್ದದ್ದು ಎಲ್ಲಿ ಎಂದು ಅಂದಾಜು ಮಾಡುತ್ತ ನಿಲ್ಲುತ್ತೇನೆ. ‘ಏನ್ ತೋರಸ್ಲಿರಿ, ಅಕ್ಕಾರ?’ ಎನ್ನುತ್ತಾರೆ ಅಂಗಡಿಯವರು. ಹೊರಗೆ ಬಂದುಬಿಡುತ್ತೇನೆ.

ಮೊನ್ನೆ ಅಮ್ಮ ಫೋನಿನಲ್ಲಿ, ‘ಈ ರಜೆಗಾರೂ ಬತ್ಯಾ, ಹೆಣೆ?’ ಎಂದಳು. ನಮ್ಮ ಕುಂದಾಪ್ರದ ಮಾತಿನಲ್ಲಿ ‘ಬತ್ತೆ’ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಈ ಓಣಿಯ ‘ಬರ್ತೇನಬೇ.’